ದೊಡ್ಡಮ್ಮ ನಿಲ್ಲಿಸಿದ ಜಾಗ

ಅವನಿಗೆ ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಕೆಲಸ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಫೋನ್ ಮಾಡಿದರೆ, "ಗಾಬರಿ ಆಗ್ಬೇಡಿ, ಮೆಕ್ಯಾನಿಕ್ ಹೊರಟಿದಾರೆ" ಎಂದು ಏರಿಳಿತವಿಲ್ಲದೆ ಹೇಳಬೇಕು. ಮೆಕ್ಯಾನಿಕ್ ಹೊರಟಿರಲೇಬೇಕು ಅಂತೇನಿಲ್ಲ. ನಾಲ್ಕು ವರ್ಷ ಇದನ್ನೇ ಹೇಳಿ ಹೇಳಿ ದನಿಗೆ ಒಂದೇ ಸ್ವರ ಅಂಟಿಕೊಂಡು, ಎಲ್ಲರ ಬಾಯಲ್ಲೂ ಅವನು ದುಂಬಿಯಾಗಿದ್ದ. ಅಕ್ಕ ಮತ್ತು ಅವಳ ಗೆಳತಿ ನರ್ಸಮ್ಮ ಹಳೆಯ ಹಾಡುಗಳನ್ನು ಹಾಡಲು ತಂಡ ಕಟ್ಟಿದಾಗ ಅವನನ್ನು ಸೇರಿಸಿಕೊಂಡದ್ದು ಹಿಂದೆ ಶ್ರುತಿ ಹಿಡಿಯಲು ಆ ಒಂದು ಸ್ವರ ಸಾಕೆಂದು. ಪ್ರತಿಭೆ ನೋಡಿ ಕರೆದರು ಎಂದು ಅವನೊಬ್ಬನೇ ನಂಬಿದ್ದ.

ಹಾಡುಗಳು ದೊಡ್ಡಮ್ಮನವು, ಅವಳಿಗೆ ಅಜ್ಜಿಯಿಂದ ಬಂದವು. ತನ್ನ ಇಸ್ತ್ರಿ ಅಂಗಡಿಯಲ್ಲಿ ಅವಳು ಕೆಲಸ ಮಾಡುತ್ತಾ ಹಾಡಿದ್ದನ್ನು ದುಂಬಿ ಮೊಬೈಲಿನಲ್ಲಿ ಹಿಡಿದು ತಂದಿದ್ದ. ಅದರಲ್ಲೊಂದು ಹಾಡಿನ ಮೂರನೆಯ ಸಾಲಿನ ನಡುವೆ ಪ್ರತಿಸಲವೂ ಅವಳು ಗಕ್ಕನೆ ನಿಂತು, ಉಸಿರು ಬಿಟ್ಟು, ಮುಂದುವರಿಯುತ್ತಿದ್ದಳು. ಆ ಮೌನವೇ ಹಾಡಿನ ಜೀವ ಎಂದು ಮೂವರಿಗೂ ಅನ್ನಿಸಿತು. ಆರು ತಿಂಗಳು ಅದನ್ನೇ ತಿದ್ದಿ ತೀಡಿದರು. ಮೊದಲ ಆಲ್ಬಂ ಹೊರಬಂದಾಗ ಪತ್ರಿಕೆಯೊಂದು ಆ ಮೌನದ ಬಗ್ಗೆಯೇ ಅರ್ಧ ಪುಟ ಬರೆಯಿತು. ಓದಿದ ದುಂಬಿಗೆ ಏನೂ ಅನ್ನಿಸಲಿಲ್ಲ. ಇನ್ನೊಮ್ಮೆ ಓದಿದ. ಆಗಲೂ ಇಲ್ಲ. ದೊಡ್ಡಮ್ಮ ಒಮ್ಮೆ ಸರಿಯಾಗಿದೆ ಅಂದುಬಿಟ್ಟರೆ ಸಂತೋಷ ತಾನಾಗಿ ಬಂದೀತು ಎಂದುಕೊಂಡು, ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದ.

ಅವನು ಫೋನಿನಲ್ಲಿ ಹಾಕಿದ ಹಾಡನ್ನು ಅವಳು ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತಲೇ ಕೇಳಿದಳು. ಮೂರನೆಯ ಸಾಲು ಬಂತು. ಹಾಡು ನಿಂತಿತು.

"ಕೆಟ್ಟೋಯ್ತೇನೋ ಫೋನು?"

"ಇಲ್ಲ ದೊಡ್ಡಮ್ಮ, ಹಾಡೇ ಹಾಗೆ. ನೀನೇ ಅಲ್ಲಿ ನಿಲ್ಲಿಸ್ತಿದ್ಯಲ್ಲ."

"ಅಂಗಿ ತಿರುಗಿಸೋಕೆ ನಿಲ್ಲಿಸ್ತಿದ್ದೆ ಕಣೋ. ಒಂದು ಮಗ್ಗುಲು ಆದ್ಮೇಲೆ ಇನ್ನೊಂದು ಬೇಡ್ವಾ?"

"ಅಜ್ಜಿ ಹೇಗೆ ಹಾಡ್ತಿದ್ಲು?"

"ಅಮ್ಮ ಯಾವತ್ತು ಇಸ್ತ್ರಿ ಮಾಡಿದ್ಲು? ಒಂದೇ ಉಸಿರಿಗೆ ಹಾಡೋಳು."

ದುಂಬಿ ತಲೆಯಾಡಿಸಿದ. "ಮಿಕ್ಕಿದ್ದೆಲ್ಲ ಸರಿ ಇದ್ಯಾ?"

"ಹೆಣ್ಮಕ್ಕಳು ಚೆನ್ನಾಗಿ ಹಾಡಿದಾರೆ. ಹಿಂದೆ ಆ ಮೋಟರ್ ಸದ್ದು ಬರ್ತಿದೆ ನೋಡು, ಅದನ್ನ ತೆಗೆಸ್ಬೇಕಿತ್ತು."

"ಅದು ನಾನು."

"ಹೌದಾ." ಅವಳು ಅಂಗಿ ಮಡಚಿದಳು. "ಇರ್ಲಿ ಬಿಡು, ಕೇಳ್ತಾ ಕೇಳ್ತಾ ಅಭ್ಯಾಸ ಆಗತ್ತೆ."

ಬಸ್ ನಿಲ್ದಾಣಕ್ಕೆ ಬಂದು ಅಕ್ಕನಿಗೆ ಫೋನ್ ಮಾಡಿದ.

"ಏನಂದ್ಳು?"

"ಅಲ್ಲಿ ನಿಲ್ಲಿಸ್ಬಾರ್ದಂತೆ. ಅಂಗಿ ತಿರುಗಿಸ್ತಿದ್ಲಂತೆ."

"ಶನಿವಾರ ಕಾರ್ಯಕ್ರಮ ಇದೆಯಲ್ಲೋ. ಈಗೇನು ಮಾಡೋದು?"

ದುಂಬಿ ತುಟಿ ಬಿಚ್ಚದೆ ಮೂರನೆಯ ಸಾಲನ್ನು ಒಂದೇ ಉಸಿರಿಗೆ ಗುನುಗಿ ನೋಡಿದ. ಆರು ತಿಂಗಳ ರೂಢಿಗೆ ನಡುವೆ ದನಿ ತಾನಾಗಿ ನಿಂತಿತು. ಮತ್ತೆ ಗುನುಗಿದ. ಮತ್ತೆ ಅಲ್ಲಿಗೇ ನಿಂತಿತು.

"ಅಲ್ಲೇ ನಿಲ್ಲಿಸೋಣ," ಎಂದ.

ಬೇಸರವಾದರೂ ಆಗಬೇಕಿತ್ತು; ಅದೂ ಆಗಲಿಲ್ಲ. ಬಸ್ ಬಂತು. ಕೂರಲು ಜಾಗ ಸಿಕ್ಕಿತು.