ಫ್ರಿಡ್ಜಕ್ಕ ಕಂಪ್ಯೂಟರ್ ನೋಡಲು ಬಂದದ್ದು

ನನ್ನ ಗಂಡನ ಅಕ್ಕ ಫ್ರಿಡ್ಜ್ ರಿಪೇರಿ ಮಾಡುತ್ತಾರೆ. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ನನಗೆ ಅತ್ತಿಗೆ, ಊರಿಗೆಲ್ಲ ಫ್ರಿಡ್ಜಕ್ಕ. ಗಂಡಸರೇ ತುಂಬಿದ್ದ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಅಲ್ಲೊಬ್ಬ "ಹೆಂಗಸಿಗೆ ಇದೆಲ್ಲ ಯಾಕೆ" ಅಂದದ್ದಕ್ಕೆ ಮರುದಿನವೇ ಬಿಟ್ಟು ಬಂದು ಸ್ವಂತ ಅಂಗಡಿ ಹಾಕಿದರು. ಹಾಗಂದವನ ಮನೆಯ ಫ್ರಿಡ್ಜನ್ನೂ ಈಗ ಅವರೇ ನೋಡುತ್ತಾರೆ.

ಅವರು ಕೆಲಸ ಮಾಡುವ ರೀತಿ ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಹೋದ ಕೂಡಲೇ ಸ್ಕ್ರೂಡ್ರೈವರ್ ತೆಗೆಯುವುದಿಲ್ಲ. ಫ್ರಿಡ್ಜಿನ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತುಬಿಡುತ್ತಾರೆ. ಮನೆಯವರು ಎಂದಿನಂತೆ ಬಾಗಿಲು ತೆಗೆಯುತ್ತಾ ಮುಚ್ಚುತ್ತಾ ಇರಬೇಕು, ಇವರು ನೋಡುತ್ತಾ ಇರುತ್ತಾರೆ. "ರಿಪೇರಿಗೆ ಬಂದಿರೋ, ಹರಟೆಗೆ ಬಂದಿರೋ?" ಎಂದು ಕೇಳಿದವರೂ ಇದ್ದಾರೆ. "ಹೇಗೆ ಕೆಡುತ್ತೆ ಅಂತ ನೋಡದೆ ಬಿಚ್ಚಿದ್ರೆ, ಸರಿ ಇರೋದೂ ಕೆಡುತ್ತೆ" ಎನ್ನುತ್ತಾರೆ ಅತ್ತಿಗೆ. ನಾನು ದರ್ಜಿ. ಅಂಗಿ ಕೈಗೆತ್ತಿಕೊಂಡರೆ ಗುಂಡಿ ಹಾಕಿಯೇ ಏಳುವ ಜಾತಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವರು ರೇಗಿಸುತ್ತಾರೆ, ನಾನು ಸಿಡುಕುತ್ತೇನೆ. ಇದು ಹೀಗೇ ನಡೆದುಬಂದಿದೆ.

ಈ ವರ್ಷ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು. ಎರಡು ತಿಂಗಳು ಆಸ್ಪತ್ರೆ. ಮಾತು ಮರಳಿತು, ಕೈ ಮರಳಿತು, ಎಡಗೈ ಬೆರಳು ಮಾತ್ರ ಸ್ವಲ್ಪ ಮೊಂಡು. ಅವರದು ಪುಸ್ತಕಗಳ ಪುಟ ಕಟ್ಟುವ ಕೆಲಸ. ಮುದ್ರಣಾಲಯದವರು ಕಳಿಸಿದ ಬರಹ, ಚಿತ್ರಗಳನ್ನು ಮನೆಯ ಕಂಪ್ಯೂಟರಿನಲ್ಲಿ ಹೊಂದಿಸಿ ಅಚ್ಚಿಗೆ ಸಿದ್ಧ ಮಾಡಿ ಕೊಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದೇ ಅವರ ಪ್ರಾಣ. ಅವರು ಆಸ್ಪತ್ರೆಯಲ್ಲಿದ್ದಾಗ ನನಗೆ ಕೈಕಟ್ಟಿ ಕೂರಲಾಗದೆ, ಕಂಪ್ಯೂಟರ್ ಪೆಟ್ಟಿಗೆಗೆ ಧೂಳು ಕೂರದಿರಲಿ ಎಂದು ಒಂದು ಹೊದಿಕೆ ಹೊಲಿದಿಟ್ಟಿದ್ದೆ. ಕೋಟಿನ ದಪ್ಪ ಬಟ್ಟೆ, ಒಳಗೆ ಹತ್ತಿ, ಅಂಚಿಗೆ ಕೆಂಪು ಪಟ್ಟಿ. ಆಸ್ಪತ್ರೆಯಿಂದ ಮನೆಗೆ ಬಂದ ಯಜಮಾನರು ಅದನ್ನು ಸವರಿ ನೋಡಿ ಕಣ್ಣೊರೆಸಿಕೊಂಡರು.

ಆದರೆ ಕೆಲಸಕ್ಕೆ ಕೂತರೆ, ನಾಲ್ಕು ದಿನದ ಪುಸ್ತಕಕ್ಕೆ ಹತ್ತು ದಿನ ಹಿಡಿಯತೊಡಗಿತು. "ಕಂಪ್ಯೂಟರ್ ತುಂಬಾ ನಿಧಾನ ಆಗಿದೆ ಕಣೇ" ಅನ್ನುತ್ತಿದ್ದರು. ನಾನೊಂದು ದಿನ ಬೆಳಿಗ್ಗೆ ಏಳಕ್ಕೆ ಚಾಲೂ ಮಾಡಿ ನೋಡಿದೆ. ಕುದುರೆ ಹಾಗೆ ಓಡಿತು. ಕಂಪ್ಯೂಟರ್ ಅಂಗಡಿಯವನು ಹೊದಿಕೆ ತೆಗೆದಿಟ್ಟು, ಪೆಟ್ಟಿಗೆ ಕೊಂಡುಹೋಗಿ, ಬಿಚ್ಚದೆಯೇ ಹತ್ತು ನಿಮಿಷ ಓಡಿಸಿ ನೋಡಿ ವಾಪಸು ತಂದ. "ಮೇಡಂ, ಯಂತ್ರಕ್ಕಂತೂ ಏನೂ ಆಗಿಲ್ಲ" ಎಂದ. ಆ ಮಾತಿನ ಅರ್ಥ ನನಗೂ ಆಯಿತು, ಪಕ್ಕದಲ್ಲೇ ಕೂತಿದ್ದ ಅವರಿಗೂ ಆಯಿತು.

ಮತ್ತೊಂದು ಮಧ್ಯಾಹ್ನ ಅವರು ಅದೇ ದೂರು ತೆಗೆದಾಗ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದುಬಿಟ್ಟೆ. ತಕ್ಷಣ ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ ಮಾತು ಆಡಿಯಾಗಿತ್ತು. ಆಮೇಲೆ ಅವರು ಕಂಪ್ಯೂಟರಿನ ಸುದ್ದಿಯನ್ನೇ ಎತ್ತಲಿಲ್ಲ. ಒಂದು ವಾರ ಕಳೆದು, ಊಟದ ನಡುವೆ, "ಸೋಮವಾರ ಮುದ್ರಣಾಲಯಕ್ಕೆ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳಿ ಬರ್ತೀನಿ. ಇನ್ನು ನನ್ನ ಕೈಲಿ ಆಗಲ್ಲ" ಎಂದರು. ನಾನು ತಟ್ಟೆ ಬಿಟ್ಟು ಎದ್ದೆ. ಅತ್ತಿಗೆಗೆ ಫೋನ್ ಮಾಡಿ ಎಲ್ಲ ಹೇಳಿ ಅತ್ತುಬಿಟ್ಟೆ.

"ನಾನು ಕಂಪ್ಯೂಟರ್ ಮುಟ್ಟಿದವಳೇ ಅಲ್ಲ" ಎಂದರು ಅತ್ತಿಗೆ. "ಅಲ್ಲ, ನೀನು ನೋಡಿದ್ದು ಬೆಳಿಗ್ಗೆ. ಅವನು ದೂರು ಹೇಳೋದು ಯಾವಾಗ?"

"ಮಧ್ಯಾಹ್ನದ ಮೇಲೆ."

"ಶನಿವಾರ ಬರ್ತೀನಿ. ಸಾಯಂಕಾಲದ ತನಕ ಕೂತಿರ್ತೀನಿ, ಊಟ ಹಾಕು."

ಶನಿವಾರ ಹತ್ತು ಗಂಟೆಗೆ ಬಂದರು. ನಮ್ಮದು ಒಂದೇ ಕೋಣೆಯ ಕಾರುಬಾರು. ಒಂದು ಗೋಡೆಗೆ ಕಂಪ್ಯೂಟರ್, ಎದುರು ಗೋಡೆಗೆ ನನ್ನ ಹೊಲಿಗೆ ಯಂತ್ರ. ಅತ್ತಿಗೆ ನಡುವೆ ಸ್ಟೂಲ್ ಹಾಕಿಕೊಂಡು ಕೂತರು. "ನಿನ್ನ ಪಾಡಿಗೆ ನೀನು ಕೆಲಸ ಮಾಡು" ಎಂದು ತಮ್ಮನಿಗೆ ಹೇಳಿದರು.

"ಸುಮ್ನೆ ಯಾಕಕ್ಕಾ ಇದೆಲ್ಲ. ಕೆಟ್ಟಿರೋದು ನಾನು."

"ನೀನು ಕೆಟ್ಟಿದ್ದು ಹುಟ್ಟಿದಾಗಲೇ, ಅದು ಬೇರೆ ವಿಷಯ. ಮಾಡು."

ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಎಂದು ಕೈಗಡಿಯಾರದಲ್ಲಿ ನೋಡುತ್ತಾ ಹೋದರು. ಹತ್ತು ಗಂಟೆಗೆ ನಾಲ್ಕು ಸೆಕೆಂಡ್. ಹನ್ನೆರಡಕ್ಕೆ ಹನ್ನೊಂದು. ನನ್ನ ಕೆಟ್ಟ ಮನಸ್ಸು, ಬೆರಳು ತಡವರಿಸುತ್ತಿರಬೇಕು ಎಂದೇ ಅಂದುಕೊಂಡಿತು. ಮೂರು ಗಂಟೆಗೆ ಮೂವತ್ತೆಂಟು. ಯಜಮಾನರ ಹಣೆಯ ಮೇಲೆ ಬೆವರು. ಅತ್ತಿಗೆ ನನ್ನ ಕಡೆ ತಿರುಗಿದರು. "ಅವನು ಏಳಲಿ. ನೀನು ಬಂದು ಕೂತ್ಕೋ."

ಕೂತೆ. ಅದೇ ಕೀಲಿ ಒತ್ತಿದೆ. ಪರದೆ ಕದಲಲಿಲ್ಲ. ಮತ್ತೊಮ್ಮೆ ಒತ್ತಲು ಹೋದವಳ ಕೈಯನ್ನು ಅತ್ತಿಗೆ ಹಿಡಿದುಕೊಂಡರು. ನಲವತ್ತನೆಯ ಸೆಕೆಂಡಿಗೆ ಪುಟ ಬಂತು.

"ಏನೇ, ನಿಂಗೂ ಲಕ್ವ ಹೊಡೀತಾ?" ಎಂದರು ಅತ್ತಿಗೆ.

ಹಿಂದೆ ನಿಂತಿದ್ದ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ!

ಅತ್ತಿಗೆ ಹೊದಿಕೆಯ ಒಳಗೆ ಕೈಹಾಕಿ ಪೆಟ್ಟಿಗೆ ಮುಟ್ಟಿದವರೇ ಫಕ್ಕನೆ ಕೈ ಹಿಂದಕ್ಕೆಳೆದುಕೊಂಡರು. "ಅಯ್ಯೋ, ಬಾಣಲೆ ಹಾಗೆ ಕಾದಿದೆಯಲ್ಲೋ! ಕೆಲಸ ಮಾಡುವಾಗ್ಲೂ ಇದನ್ನ ತೆಗೆಯಲ್ವಾ?"

ಯಜಮಾನರು ತಲೆ ತಗ್ಗಿಸಿದರು. "ನಾನು ಸಾಯೋ ಹಾಗೆ ಬಿದ್ದಿದ್ದಾಗ ಇವಳು ಹೊಲಿದಿದ್ದು ಅಕ್ಕಾ. ತೆಗೆಯೋಕೆ ಮನಸ್ಸು ಬರ್ಲಿಲ್ಲ."

ಅತ್ತಿಗೆ ಹೊದಿಕೆ ತೆಗೆದು ನನ್ನ ಮಡಿಲಿಗೆ ಹಾಕಿದರು. ಆಮೇಲೆ, ಅಂದು ಮೊದಲ ಬಾರಿಗೆ, ಸ್ಕ್ರೂಡ್ರೈವರ್ ಹೊರಬಂತು. ಒಳಗಿನ ಫ್ಯಾನಿಗೆ ನನ್ನ ಹೊಲಿಗೆಯ ಬಟ್ಟೆಯ ಜುಂಗು ಕಂಬಳಿಯಂತೆ ಮೆತ್ತಿಕೊಂಡಿತ್ತು. ಹೊದಿಕೆಯೂ ನನ್ನದು, ಜುಂಗೂ ನನ್ನದು. ಮಾಡಿದ್ದುಣ್ಣೋ ಮಹಾರಾಯ. ಭೂಮಿಗಿಳಿದು ಹೋಗೋಣ ಅನ್ನಿಸಿತು.

"ಕಂಪ್ಯೂಟರ್ ನಂಗೆ ಗೊತ್ತಿಲ್ಲ. ಬಿಸಿ ಗೊತ್ತು" ಎಂದರು ಅತ್ತಿಗೆ, ಬ್ರಷ್ಷಿನಿಂದ ಕೆರೆಯುತ್ತಾ. "ಒಳಗಿನ ಬಿಸಿಗೆ ಹೊರಗೆ ಹೋಗೋ ದಾರಿ ಇಲ್ಲ ಅಂದ್ರೆ ಯಾವ ಯಂತ್ರಾನೂ ದುಡಿಯಲ್ಲ. ಇದು ಜಾಣ ಯಂತ್ರ. ಸುಟ್ಟುಹೋಗೋ ಬದಲು ನಿಧಾನ ಆಗಿ ಜೀವ ಉಳಿಸ್ಕೊಂಡಿದೆ."

ಪೆಟ್ಟಿಗೆಯನ್ನು ಮೂಲೆಯಿಂದ ಎತ್ತಿ ಕಿಟಕಿಯ ಬಳಿ ಇಟ್ಟರು. ಮತ್ತೆ ಎರಡು ಗಂಟೆ ಕೆಲಸ ಮಾಡಿಸಿದರು. ಸಂಜೆ ಆರಕ್ಕೂ ಅದೇ ನಾಲ್ಕು ಸೆಕೆಂಡ್. ಸಾಮಾನು ಎತ್ತಿಡತೊಡಗಿದ ಅಕ್ಕನನ್ನು ಯಜಮಾನರು ತಡೆದರು.

"ತಾಳು ಅಕ್ಕಾ. ಈಗ ನನ್ನ ಹೊತ್ತು ನೋಡು."

ಕಾಯಿಲೆಗೆ ಮೊದಲು ಒಂದು ಪುಟ ಕಟ್ಟಲು ಅವರಿಗೆ ಹನ್ನೆರಡು ನಿಮಿಷ ಸಾಕಿತ್ತು. ಶುರುಮಾಡಿದರು. ನಾನು ಕಾಲರ್ ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ನೋಡುತ್ತಾ ಕೂತೆ. ಎಡಗೈ ಎರಡು ಸಲ ತಪ್ಪಿತು, ಅವರೇ ತಿದ್ದಿಕೊಂಡರು. ಮುಗಿದಾಗ ಹದಿನೈದು ನಿಮಿಷ.

"ಮೂರು ನಿಮಿಷ ನಂದು" ಎಂದರು, ಬೆನ್ನು ನೆಟ್ಟಗೆ ಮಾಡಿಕೊಂಡು. "ಉಳಿದ ನಿಧಾನವೆಲ್ಲ ಈ ಕಂಪ್ಯೂಟರಿಂದು." ಅಲ್ಲೇ ಮುದ್ರಣಾಲಯದ ಮಾಲೀಕರಿಗೆ ಫೋನ್ ಹಚ್ಚಿದರು. "ಇನ್ಮೇಲೆ ಪುಟಕ್ಕೆ ಮೂರು ನಿಮಿಷ ಜಾಸ್ತಿ ಹಿಡಿಯುತ್ತೆ ಸಾರ್. ನಿಮಗೆ ಆಗುತ್ತಾ?" ಆ ಕಡೆಯ ದೊಡ್ಡ ದನಿ ನಮಗೂ ಕೇಳಿಸಿತು: "ಮೂರು ನಿಮಿಷಕ್ಕೇನು ಊರು ಮುಳುಗುತ್ತಾ? ಎರಡು ಪುಸ್ತಕ ಕಾದು ಕೂತಿವೆ, ಸೋಮವಾರ ಬಂದು ತಗೊಂಡು ಹೋಗಿ."

ಅತ್ತಿಗೆಯನ್ನು ಬೀದಿಯ ತಿರುವಿನವರೆಗೆ ಕಳಿಸಿ ಬಂದೆ. ಯಜಮಾನರು ಇನ್ನೂ ಕೆಲಸದಲ್ಲೇ ಇದ್ದರು. ಪಕ್ಕದಲ್ಲಿ ನಿಂತು, "ನಿಮ್ಮ ಮಾತು ನಾನು ನಂಬಲಿಲ್ಲ ರೀ. ತಪ್ಪಾಯ್ತು" ಎಂದೆ.

"ಬೇಜಾರಾಗಿತ್ತು ಕಣೇ" ಎಂದರು. "ಆದ್ರೆ ನಿನ್ನೊಬ್ಬಳನ್ನೇ ಏನನ್ನಲಿ? ನಾನೇ ನನ್ನನ್ನ ನಂಬೋದು ಬಿಟ್ಟಿದ್ದೆ." ಹಾಗೆಂದು ಮುಂದಿನ ಪುಟ ತೆರೆದರು.