ಸೌಟಿನ ಸದ್ದಿಗೆ ತಿರುಗಿದ ಕರಡಿ

ಗಿಲಕಿಯಕ್ಕನಿಗೆ ಆ ಹೆಸರು ಬಂದದ್ದು ಸ್ಟುಡಿಯೋದಿಂದ. ಗಂಡ ಕ್ಯಾಮೆರಾ ಹಿಂದೆ, ಅವಳು ಗಂಡನ ಹಿಂದೆ. ಫೋಟೋಗೆ ಬರುವ ದೊಡ್ಡವರು ಹೇಳಿದ ಕಡೆ ನೋಡುತ್ತಾರೆ, ಮಕ್ಕಳು ಕೇಳಬೇಕಲ್ಲ? ಫ್ಯಾನು ನೋಡುತ್ತವೆ, ಬಾಗಿಲು ನೋಡುತ್ತವೆ, ಬಾಯಿ ಅಗಲಿಸಿ ಅಳುತ್ತವೆ. ಆಗ ಅವಳು ಗಂಡನ ಕಿವಿಯ ಪಕ್ಕ ಗಿಲಕಿ ಆಡಿಸಬೇಕು, ಮಗು ತಿರುಗಬೇಕು, ಅವನು ಬಟನ್ ಒತ್ತಬೇಕು. ಬರೀ ಗಿಲಕಿಗೆ ಯಾವ ಮಗುವೂ ಎರಡನೇ ಸಲ ಮರುಳಾಗುವುದಿಲ್ಲ. ಅದಕ್ಕೇ ಗಿಲಕಿಯ ಬೆನ್ನಿಗೊಂದು ಪೆಪ್ಪರ್‌ಮಿಂಟು. ಈ ವಿದ್ಯೆಯನ್ನು ಅವಳಿಗೆ ಮಕ್ಕಳೇ ಕಲಿಸಿದ್ದು. ಸ್ವಂತ ಮಡಿಲು ತುಂಬದ ಹೆಂಗಸು, ಊರಿನ ಅರ್ಧ ಮಕ್ಕಳನ್ನು ನಗಿಸಿದ್ದಳು.

ಆಮೇಲೆ ಎಲ್ಲರ ಜೇಬಿನಲ್ಲೂ ಫೋನು ಬಂತು. ತಾಯಂದಿರು ಮಗುವಿನ ಫೋಟೋ ತಾವೇ ತೆಗೆದುಕೊಂಡರು. ಗಂಡ ಖಾಲಿ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತು ಕೂತು, ಒಂದು ದಿನ ಅಂಗಡಿಯನ್ನೇ ಮಾರಿ ಹಳೆಯದೊಂದು ಕ್ಯಾಂಪಿಂಗ್ ವ್ಯಾನು ಕೊಂಡು ತಂದ. ಒಳಗೇ ಮಡಚುವ ಹಾಸಿಗೆ, ಮೊಣಕೈ ತಾಗುವಷ್ಟು ಅಡುಗೆಕಟ್ಟೆ, ಗ್ಯಾಸ್ ಒಲೆ, ನಿಂತರೆ ಕೂರಲಾಗದ ಕೂತರೆ ಏಳಲಾಗದ ಬಚ್ಚಲು. "ಇನ್ಮೇಲೆ ಮನುಷ್ಯರ ಸಹವಾಸ ಸಾಕು ಕಣೇ," ಅಂದ, "ಪ್ರಾಣಿಗಳ ಫೋಟೋ ತೆಗೀತೀನಿ. ಅವುಕ್ಕೆ ಫೋನ್ ಇಲ್ಲ." ಅವಳು ನಕ್ಕಳು. ನಗದೆ ಇನ್ನೇನು ಮಾಡುವುದು, ಮನೆಯೂ ಆ ವ್ಯಾನೇ ಆಗಿತ್ತು.

ರಾಷ್ಟ್ರೀಯ ಉದ್ಯಾನದ ಒಳಗೆ ಹೊಳೆಯ ಪಕ್ಕ ವ್ಯಾನು ನಿಲ್ಲಿಸಲು ಜಾಗ ಮಾಡಿದ್ದರು. ಅಲ್ಲಲ್ಲಿ ಬೋರ್ಡು: ಪ್ರಾಣಿಗಳಿಗೆ ಏನನ್ನೂ ಹಾಕಬೇಡಿ. ಎಲ್ಲರೂ ಓದುತ್ತಿದ್ದರು, ಅವಳೂ ಓದಿದಳು. ಮೊದಲ ವಾರ ಗಂಡನಿಗೆ ಸಿಕ್ಕಿದ್ದೆಲ್ಲ ಬೆನ್ನು. ಜಿಂಕೆಯ ಬೆನ್ನು, ಹಂದಿಯ ಬೆನ್ನು. ಒಂದು ಸಂಜೆ ಹೊಳೆಯಾಚೆ ದೊಡ್ಡದೊಂದು ಹೆಣ್ಣುಕರಡಿ ನೆಲ ಕೆದಕುತ್ತ ನಿಂತಿತ್ತು, ಅದೂ ಬೆನ್ನು ತಿರುಗಿಸಿಯೇ. ಗಂಡ ಕ್ಯಾಮೆರಾದಿಂದ ಕಣ್ಣು ತೆಗೆಯದೆ, ಮೂವತ್ತು ವರ್ಷದ ರೂಢಿಯಂತೆ, "ಏ, ಈ ಕಡೆ ನೋಡ್ಸೇ," ಅಂದ. ಅವಳೂ ರೂಢಿಯಂತೆ ಕೈ ಎತ್ತಿದಳು. ಅಡುಗೆ ಮಾಡುತ್ತಿದ್ದವಳ ಕೈಯಲ್ಲಿದ್ದದ್ದು ಸೌಟು. ಬಾಣಲೆಯ ಅಂಚಿಗೆ ಟಣ್ ಟಣ್ ಅಂತ ತಟ್ಟಿದಳು. ಕರಡಿ ತಲೆಯೆತ್ತಿ ನೇರ ನೋಡಿತು.

ಇಬ್ಬರೂ ಸಣ್ಣ ಮಕ್ಕಳ ಹಾಗೆ ಕುಣಿದಾಡಿದರು. ಆದರೆ ಮಾರನೆಯ ದಿನ ಕರಡಿ ಸೌಟಿಗೆ ಕಿವಿಗೊಡಲಿಲ್ಲ. ಬರೀ ಸದ್ದಿಗೆ ಯಾರು ಎರಡನೇ ಸಲ ತಿರುಗುತ್ತಾರೆ? ಅವಳು ಎರಡನೇ ಯೋಚನೆ ಮಾಡದೆ ಸಕ್ಕರೆ ಹಚ್ಚಿದ ಬ್ರೆಡ್ಡೊಂದನ್ನು ಬೀಸಿ ಎಸೆದಳು. ಅಲ್ಲಿಂದ ಮುಂದೆ ಕರಡಿ ಹೊಳೆ ದಾಟಿ ಬರತೊಡಗಿತು. ತಟ್ಟಿದರೆ ಬರುವುದು, ನೋಡುವುದು, ತಿನ್ನುವುದು, ಹೋಗುವುದು. ಅದು ಬಾಯಿ ನೆಕ್ಕಿಕೊಳ್ಳುವಾಗ ಗಿಲಕಿಯಕ್ಕನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಗಂಡ ತೆಗೆದ ಕರಡಿಯ ಫೋಟೋ ಉದ್ಯಾನದ ಕ್ಯಾಲೆಂಡರಿನ ಮೇಲೆ ಬಂತು, ಒಂದು ಬಹುಮಾನವೂ ಬಂತು. ಅವನು ನೆಲ ಬಿಟ್ಟು ಒಂದಡಿ ಮೇಲೆ ನಡೆದಾಡಿದ. ಹೇಗೆ ತೆಗೆದಿರಿ ಅಂತ ಕೇಳಿದವರಿಗೆ "ತಾಳ್ಮೆ, ತಾಳ್ಮೆ," ಅನ್ನುತ್ತಿದ್ದ. ಸೌಟಿನ ಮಾತು ಅವನ ಬಾಯಲ್ಲಿ ಬರಲೇ ಇಲ್ಲ.

ಒಂದು ಚಳಿಗಾಲ ಪೂರ್ತಿ ಅವರು ಬೇರೆ ಕಾಡು, ಬೇರೆ ಕೆರೆ ಸುತ್ತಿದರು. ಮರಳಿ ಬಂದಾಗ ಹೊಳೆಯ ದಾರಿಗೆ ಅಡ್ಡಗಂಬ ಹಾಕಿ ಮುಚ್ಚಿದ್ದರು. ಎರಡು ದಿನದ ಹಿಂದೆ, ಅಲ್ಲಿ ಗುಡಾರ ಹಾಕಿದ್ದ ಶಾಲಾ ಟೀಚರೊಬ್ಬಳನ್ನು ಕರಡಿ ಸಿಗಿದು ಹಾಕಿತ್ತು. ಅವಳು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದಳು. ಅಡ್ಡಗಂಬದ ಪಕ್ಕದ ಚಹಾದಂಗಡಿಯವ ಕಣ್ಣಾರೆ ಕಂಡವನಂತೆ ವಿವರಿಸಿದ: "ಪಾಪ, ಏನೂ ಮಾಡಿಲ್ಲ ಆಯಮ್ಮ. ಮೊಟ್ಟೆ ಹುರೀತಿದ್ರಂತೆ. ಸೌಟು ಬಾಣಲೆಗೆ ತಟ್ಟಿ ಕೆಳಗಿಟ್ಟಿದ್ದೇ ತಡ, ಎಲ್ಲಿಂದ ಬಂತೋ. ಆಯಮ್ಮ ಹೆದರಿ ಬಾಣಲೆ ಎತ್ಕೊಂಡು ಓಡಿದ್ರು, ಅದು ಬಾಣಲೆ ಹಿಂದೆ ಓಡ್ತು."

ಗಿಲಕಿಯಕ್ಕ ಚಹಾದ ಲೋಟ ಕೆಳಗಿಟ್ಟಳು. ಸೌಟಿಗೆ ಅಂಟಿದ್ದು ಬೀಳಲಿ ಅಂತ ಬಾಣಲೆಗೆ ತಟ್ಟದ ಹೆಂಗಸು ಲೋಕದಲ್ಲಿ ಯಾರಿದ್ದಾರೆ?

ವ್ಯಾನಿನೊಳಗೆ ಬಾಗಿಲು ಹಾಕಿಕೊಂಡು ಗಂಡನಿಗೆ ಹೇಳಿದಳು. ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಬಾಯ್ಮುಚ್ಕೊಂಡಿರು. ಕಾಡಲ್ಲಿ ನೂರು ಕರಡಿ ಇದಾವೆ."

"ಸೌಟಿಗೆ ಬರೋದು ಒಂದೇ, ರೀ."

"ಹೇಳಿದ್ರೆ ಸತ್ತೋರು ಎದ್ದು ಬರ್ತಾರಾ? ನನ್ನ ಹೆಸರು ಮಣ್ಣು ಪಾಲಾಗುತ್ತೆ, ಅಷ್ಟೇ."

"ನಾಳೆ ಇನ್ನೊಬ್ಳು ಮೊಟ್ಟೆ ಹುರೀತಾಳಲ್ಲ," ಅಂದಳು ಅವಳು. ಅವನು ಲೆನ್ಸ್ ಒರೆಸುತ್ತ ಕೂತ. ಇಂಥವನ ಬೆನ್ನ ಹಿಂದೆ ಇಷ್ಟು ವರ್ಷ ನಿಂತೆನಲ್ಲ ಅಂತ ಅವಳಿಗೆ ಹೇಸಿಗೆಯಾಯಿತು. ಆದರೆ ಬ್ರೆಡ್ಡು ಎಸೆದದ್ದು ತನ್ನ ಕೈ. ಅದನ್ನು ಯಾರ ತಲೆಗೆ ಕಟ್ಟುವುದು?

ಉದ್ಯಾನದ ಕಚೇರಿಯಲ್ಲಿ ರೇಂಜರು ನಿದ್ದೆಗೆಟ್ಟು ಕೂತಿದ್ದರು. ಬೋನು ಇಟ್ಟರೂ ಕರಡಿ ಬಂದಿರಲಿಲ್ಲ. ಅವರ ತಲೆಯ ಮೇಲೇ ಆ ಕ್ಯಾಲೆಂಡರು. ಅವಳು ಬೆರಳು ತೋರಿಸಿ, "ಅದು ಕ್ಯಾಮೆರಾ ನೋಡ್ತಿಲ್ಲ ಸಾರ್, ನನ್ನನ್ನ ನೋಡ್ತಿದೆ," ಅಂದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ರೇಂಜರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಕ್ಕಾ," ಅಂದರು, "ಮನುಷ್ಯರ ಅನ್ನದ ರುಚಿ ಹತ್ತಿದ್ದನ್ನ ಎಷ್ಟು ದೂರ ಬಿಟ್ರೂ ವಾಪಸ್ ಬರುತ್ತೆ. ಅದನ್ನ ಹೊಡೀದೆ ಬೇರೆ ದಾರಿ ಇಲ್ಲ. ನೀವು ಕರೆದ್ರೆ ಬರುತ್ತಾ?"

"ಬರುತ್ತೆ," ಅಂದಳು.

ಮಾರನೆಯ ಬೆಳಿಗ್ಗೆ ಹೊಳೆಯ ಬದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಹಾಗೆ ಮಾಡಿ, ವ್ಯಾನನ್ನು ಹಳೆಯ ಜಾಗದಲ್ಲೇ ನಿಲ್ಲಿಸಿದರು. ಗಂಡ ಬರಲಿಲ್ಲ. ರೇಂಜರು ಬಂದೂಕು ಹಿಡಿದು ವ್ಯಾನಿನ ಮೂಲೆಯಲ್ಲಿ ನಿಂತರು. ಅವಳು ಮೆಟ್ಟಿಲ ಮೇಲೆ ನಿಂತು ಬಾಣಲೆಗೆ ಸೌಟು ತಟ್ಟಿದಳು. ಬರದಿರಲಿ ಅಂತಲೇ ತಟ್ಟಿದಳು. ಪೊದೆ ಅಲುಗಿತು. ಕರಡಿ ಬಂತು, ಹೊಳೆಯ ನೀರು ಜಾಡಿಸಿಕೊಂಡು, ಸೊರಗಿದ ಮೈಯಲ್ಲಿ. ಬಂದೂಕಿನ ಕಡೆ ತಿರುಗಿ ಸಹ ನೋಡಲಿಲ್ಲ, ಅವಳನ್ನೇ ನೋಡಿತು. ಗುಂಡು ಹಾರಿತು. ಕರಡಿ ಅಲ್ಲೇ ಕುಸಿಯಿತು.

ರೇಂಜರು ಬಂದೂಕು ಇಳಿಸಿದರು. ಅವಳು ಮೆಟ್ಟಿಲ ಮೇಲೆ ಕೂತಳು. ಆಗಲೇ ಅದೇ ಪೊದೆಯಿಂದ ನಾಯಿಯಷ್ಟು ಎತ್ತರದ ಮರಿಯೊಂದು ಹೊರಬಂತು. ಆ ಕರಡಿಗೊಂದು ಮರಿಯಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಂದದ್ದೇ ತಾಯಿಯನ್ನು ಮೂಸಿತು, ಮೂತಿಯಿಂದ ನೂಕಿತು, ಆಮೇಲೆ ಅವಳ ಕೈಯ ಸೌಟಿನ ಕಡೆ ಕತ್ತೆತ್ತಿತು. ತಾನೊಂದು ದಿನವೂ ಕಾಣದ ಆ ಮರಿಗೆ ಸೌಟಿನ ಪಾಠ ಯಾರು ಕಲಿಸಿದ್ದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ರೇಂಜರು ಮರಿಯಿಂದ ಕಣ್ಣು ತೆಗೆಯದೆ ಅಂದರು: "ಅಕ್ಕಾ, ಓಡ್ಸಿ ಅದನ್ನ. ಮನುಷ್ಯರಿಗೆ ಹೆದರಿ ಓಡಿದ್ರೆ ನಾನು ಬಿಟ್ಬಿಡ್ತೀನಿ."

ಅವಳು ಎದ್ದು ಕಿರುಚಿದಳು. "ಹೋಗೋ! ಹೋಗೋ ದರಿದ್ರದ್ದೇ! ಹೋಗು!" ಬಾಣಲೆ ಎಸೆದಳು, ಕಾಲಿನ ಚಪ್ಪಲಿ ಎಸೆದಳು, ಕೊನೆಗೆ ಸೌಟನ್ನೇ ಬೀಸಿ ಎಸೆದಳು. ಸೌಟು ಅದರ ಭುಜಕ್ಕೆ ತಾಗಿತು. ಮರಿ ಚಂಗನೆ ಹಿಂದಕ್ಕೆ ಹಾರಿ ಪೊದೆಯ ತನಕ ಓಡಿತು. "ಹಾಂ, ಹಾಗೇ ಹೋಗಪ್ಪ, ಹೋಗು," ಅಂತ ಅವಳು ಅಳುತ್ತ ಕೈಮುಗಿದಳು.

ಮರಿ ನಿಂತಿತು. ತಿರುಗಿತು. ಮೆಲ್ಲಗೆ ಮರಳಿ ಬಂದು ಬಿದ್ದ ಸೌಟನ್ನು ಮೂಸಿ, ನೆಕ್ಕಿ, ಅದರ ಪಕ್ಕದಲ್ಲೇ ಕೂತಿತು.

"ಇನ್ನೊಂದು ಸಲ ಓಡಿಸ್ತೀನಿ ಸಾರ್," ಅಂದಳು ಗಿಲಕಿಯಕ್ಕ. "ಇನ್ನೊಂದೇ ಒಂದು ಸಲ."

ರೇಂಜರು ಆಗಲೇ ಬಂದೂಕಿಗೆ ಗುಂಡು ತುಂಬುತ್ತಿದ್ದರು.