ರತ್ನಗಂಬಳಿಯ ಮೇಲೆ ಬಿದ್ದ ಉಗುರುಬಣ್ಣ

ಯುದ್ಧದ ಕಾಲದಲ್ಲಿ ಶಿರಾದಲ್ಲಿ ಉಗುರಿಗೆ ಬಣ್ಣ ಹಚ್ಚಿಕೊಂಡವರನ್ನು ನಾನು ಕಂಡಿದ್ದು ಒಬ್ಬರನ್ನೇ, ನನ್ನ ಚಿಕ್ಕಮ್ಮನನ್ನು. ಬೆಂಗಳೂರಿನ ದಂಡಿನ ಕಡೆ ಅವರ ಮನೆ. ನಮ್ಮ ಅಕ್ಕನನ್ನು ನೋಡಲು ಮಧುಗಿರಿಯಿಂದ ಗಂಡಿನವರು ಬರುತ್ತಾರೆಂದು ತಿಳಿದು, ಎರಡು ದಿನ ಮುಂಚೆಯೇ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತಾ ಬಂದಿಳಿದರು. ಅಕ್ಕ ಉಡಲೆಂದು ತಮ್ಮ ತಿಳಿಗುಲಾಬಿ ಸೀರೆಯೊಂದನ್ನು ತಂದಿದ್ದರು. ಆರ್ಟ್ ಸಿಲ್ಕ್ ಎಂದು ಹೆಸರು. ಮುಟ್ಟಿದರೆ ನೀರಿನಂತೆ ಜಾರುತ್ತಿತ್ತು.

ಎದುರು ಮನೆಯಲ್ಲಿ ಮೋಟಾರು ಬಸ್ಸುಗಳಿಗೆ ಬಣ್ಣ ಹೊಡೆಯುವ ಸಾಹೇಬರು ಮತ್ತು ಅವರ ಹೆಂಡತಿ ಇದ್ದರು. ಆಕೆಯನ್ನು ನಾವೆಲ್ಲ ಬೀಬಿ ಎನ್ನುತ್ತಿದ್ದೆವು. ಬೀಬಿಗೆ ತವರಿನಿಂದ ಬಂದ ಒಂದು ರತ್ನಗಂಬಳಿ ಇತ್ತು. ಬಂದವರನ್ನು ಕೂರಿಸಲು ನಮ್ಮಮ್ಮ ಅದನ್ನು ಕೇಳಿ ತಂದು, ಹಿಂದಿನ ದಿನ ಬೆಳಿಗ್ಗೆಯೇ ಪಡಸಾಲೆಯಲ್ಲಿ ಹಾಸಿದ್ದರು.

ಅಮ್ಮ, ಚಿಕ್ಕಮ್ಮ ಇಬ್ಬರೂ ಪೇಟೆಗೆ ಹೋಗಿದ್ದರು. ಅಕ್ಕ ಹಿತ್ತಿಲಲ್ಲಿ ರುಬ್ಬುತ್ತಿದ್ದಳು. ಹನ್ನೆರಡು ವರ್ಷದ ನಾನು ಚಿಕ್ಕಮ್ಮನ ಪೆಟ್ಟಿಗೆಯಿಂದ ಬಣ್ಣದ ಸೀಸೆ ತೆಗೆದುಕೊಂಡು ಕಂಬಳಿಯ ಮೇಲೆ ಕೂತೆ. ಪಕ್ಕದಲ್ಲೇ ಆ ಸೀರೆ ಮಡಿಸಿಟ್ಟಿತ್ತು. ಎರಡು ಬೆರಳಿಗೆ ಹಚ್ಚಿಕೊಳ್ಳುವಷ್ಟರಲ್ಲಿ ಅಕ್ಕ ಹಿತ್ತಿಲಿನಿಂದ ಕೂಗಿದಳು. ಬೆಚ್ಚಿಬಿದ್ದೆ, ಸೀಸೆ ಉರುಳಿತು. ಕಂಬಳಿಯ ಮೇಲೆ ಅಂಗೈಯಗಲ ಕೆಂಪು. ಸೀರೆಯ ಸೆರಗಿನ ಮೇಲೆ ಮೂರು ಹನಿ.

ಅಕ್ಕ ಓಡಿ ಬಂದು ನೋಡಿ, ತಲೆಯ ಮೇಲೆ ಕೈ ಹೊತ್ತಳು. "ಅಯ್ಯೋ ಲೇ, ಏನ್ ಮಾಡ್ಬುಟ್ಟೆ! ಬೀಬಿಗೆ ಹೆಂಗೆ ಮುಖ ತೋರ್ಸೋದು?"

ನಮಗೆ ಗೊತ್ತಿದ್ದದ್ದನ್ನೆಲ್ಲ ಕಂಬಳಿಯ ಮೇಲೆ ಮಾಡಿ ನೋಡಿದೆವು. ಅಂಟುವಾಳದ ನೊರೆ ಹಾಕಿ ತಿಕ್ಕಿದೆವು. ಹುಣಿಸೆಹಣ್ಣು ಉಜ್ಜಿದೆವು. ಸೀಮೆಎಣ್ಣೆ ಹಚ್ಚಿದೆವು. ತಿಕ್ಕಿದಷ್ಟೂ ಕೆಂಪು ಹರಡಿತೇ ಹೊರತು ಬಿಡಲಿಲ್ಲ. ಸೋತು ಕೂತಾಗ, ಅಂಗೈಗೆ ಹತ್ತಿದ್ದ ಬಣ್ಣವನ್ನು ಮೂಸಿದೆ. ಕಳಿತ ಬಾಳೆಹಣ್ಣಿನಂಥ, ಮೂಗಿನ ತುದಿಯಲ್ಲಿ ಚುರುಗುಟ್ಟುವ ವಾಸನೆ. ಅದು ನನಗೆ ಹೊಸದಲ್ಲ. ಸಾಹೇಬರು ಬಸ್ಸಿಗೆ ಬಣ್ಣ ಹೊಡೆವಾಗ ಬೀದಿಯೆಲ್ಲ ಹಿಡಿಯುತ್ತಿದ್ದ ವಾಸನೆ. ಕೈಗೆ ಬಣ್ಣ ಹತ್ತಿದರೆ ಅವರು ಒಂದು ಬಾಟಲಿಯಿಂದ ನೀರಿನಂಥದ್ದೇನನ್ನೋ ಸುರಿದು ಒರೆಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೆ.

ಆದರೆ ಕಂಬಳಿ ಅವರ ಮನೆಯದೇ.

ಎರಡು ಕೆಂಪು ಉಗುರುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಅವರ ಶೆಡ್ಡಿಗೆ ಹೋದೆ. "ತಾತ, ನಮ್ಮ ಕಂಬಳಿ ಮೇಲೆ ಒಂಚೂರು ಬಣ್ಣ ಬಿದ್ಬುಟ್ಟಿದೆ" ಎಂದೆ.

ಸಾಹೇಬರು ಕುಂಚ ಕೆಳಗಿಟ್ಟರು. "ಕಂಬ್ಳಿ ಅಂದ್ರೆ ಉಣ್ಣೆದು?"

"ಹೂಂ."

"ಬೇರೆ ಯಾವ ಬಟ್ಟೆ ಮೇಲಾದ್ರೂ ಬಿದ್ದದಾ ಬೇಟಿ?"

ಸೀರೆಯ ಸುದ್ದಿ ಎತ್ತಿದರೆ ಎಲ್ಲವೂ ಹೊರಗೆ ಬೀಳುತ್ತದೆಂದು ಹೆದರಿ, "ಇಲ್ಲ" ಎಂದೆ.

ಅವರು ಚಿಕ್ಕ ಬಾಟಲಿಗೆ ಆ ನೀರಿನಂಥದ್ದನ್ನೇ, ತಿನ್ನರ್ ಅನ್ನು, ಬಗ್ಗಿಸಿ ಕೊಟ್ಟರು. "ತಿಕ್ಕಬಾರ್ದು. ಬಿಳಿ ಬಟ್ಟೆಗೆ ಹಚ್ಕೊಂಡು ಒತ್ತಿ ಒತ್ತಿ ತೆಗೀಬೇಕು. ಅಂಚಿಂದ ನಡುವಿಗೆ ಬಾ, ನಡುವಿಂದ ಅಂಚಿಗಲ್ಲ. ಒಲೆ ಹತ್ರ ಒಯ್ಬೇಡ, ಭಗ್ ಅಂತದೆ. ಮೊದ್ಲು ಮೂಲೇಲಿ ಜರಾ ಹಚ್ಚಿ ನೋಡು."

ಹಾಗೆಯೇ ಮಾಡಿದೆವು. ಅಕ್ಕ ಹಳೆಯ ಪಂಚೆ ಹರಿದು ತುಂಡು ತುಂಡು ಕೊಡುತ್ತಾ ಹೋದಳು, ನಾನು ಒತ್ತುತ್ತಾ ಹೋದೆ. ಪ್ರತಿ ತುಂಡೂ ಕೆಂಪಾಗಿ ಎದ್ದು ಬರುತ್ತಿತ್ತು. ಇಪ್ಪತ್ತು ಮೂವತ್ತು ತುಂಡುಗಳಾದ ಮೇಲೆ ಕಂಬಳಿಯ ಹೂಬಳ್ಳಿ ಮತ್ತೆ ಕಂಡಿತು. ಅಕ್ಕ ಖುಷಿಯಿಂದ ನನ್ನ ಬೆನ್ನಿಗೊಂದು ಗುದ್ದಿದಳು.

ಅದೇ ಉಮೇದಿನಲ್ಲಿ ಸೆರಗನ್ನು ಎಳೆದುಕೊಂಡೆ. ಮೂಲೆಯಲ್ಲಿ ಹಚ್ಚಿ ನೋಡಲಿಲ್ಲ. ಒದ್ದೆ ಬಟ್ಟೆಯನ್ನು ನೇರವಾಗಿ ಮೊದಲ ಹನಿಯ ಮೇಲೆ ಒತ್ತಿದೆ. ಬೆರಳಿನಡಿ ಸೀರೆ ಅಂಟಂಟಾಯಿತು. ಕೈ ಎತ್ತಿದಾಗ ಕಲೆ ಬಟ್ಟೆಗೆ ಬಂದಿತ್ತು, ಕಲೆಯ ಜೊತೆ ಸೀರೆಯೂ ಬಂದಿತ್ತು. ಸೆರಗಿನಲ್ಲಿ ಕಾಸಿನಗಲದ ತೂತು. ಅದರಾಚೆ ನನ್ನ ಮೊಣಕಾಲು ಕಾಣಿಸುತ್ತಿತ್ತು.

ಅಕ್ಕ ಸೆರಗನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ಆಮೇಲೆ, "ಹೋಗಿ ಸಾಹೇಬ್ರಿಗೆ ಇದ್ದದ್ದು ಇದ್ದಂಗೆ ಹೇಳ್ಬುಡು, ಹೋಗು" ಎಂದಳು.

ಸಾಹೇಬರ ಮುಂದೆ ನಿಂತು ಅಳುತ್ತಾ ಎಲ್ಲವನ್ನೂ ಹೇಳಿದೆ. ಅವರು ನನ್ನ ಕೈ ಹಿಡಿದು ಮುಷ್ಟಿ ಬಿಡಿಸಿ ನೋಡಿದರು. "ಕಂಬ್ಳಿ ನಮ್ದೇ ಅಂತ ಆಗ್ಲೇ ಗೊತ್ತಾಯ್ತು. ನೀನೇ ಹೇಳ್ತೀಯೇನೋ ಅಂತ 'ಉಣ್ಣೆದಾ' ಅಂದು ಕೇಳ್ದೆ. ಆದ್ರೆ ಸೀರೆದು ಗೊತ್ತಿರ್ಲಿಲ್ಲ ಬೇಟಿ. ಈ ನಕಲಿ ರೇಷ್ಮೆ ತಿನ್ನರಲ್ಲಿ ಸಕ್ಕರೆ ಹಂಗೆ ಕರಗ್ತದೆ. ಒಂದು ಮಾತು ಹೇಳಿದ್ರೆ ಬಾಟ್ಲಿ ಕೊಡ್ತಾನೇ ಇರ್ಲಿಲ್ಲ."

ಅವರು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಕೇಳಿದ ಪ್ರಶ್ನೆಗೆ ನಿಜ ಹೇಳಿದ್ದರೆ ಉಳಿಯಬಹುದಾಗಿದ್ದ ಸೀರೆಯನ್ನು, ಬಣ್ಣಕ್ಕಿಂತ ಹೆಚ್ಚಾಗಿ, ನನ್ನ 'ಇಲ್ಲ' ಎಂಬ ಒಂದು ಮಾತು ಸುಟ್ಟಿತ್ತು. ಎಷ್ಟು ಚಿಕ್ಕ ಸುಳ್ಳು ಅದು! ಯಾರನ್ನೂ ನೋಯಿಸಲು ಹೇಳಿದ್ದಲ್ಲ. ಈ ವಯಸ್ಸಿನಲ್ಲೂ ವೈದ್ಯರು ಏನಾದರೂ ಕೇಳಿದಾಗ, ಮಕ್ಕಳು ಏನಾದರೂ ಕೇಳಿದಾಗ, ಅರ್ಧ ನುಂಗಿ ಅರ್ಧ ಹೇಳುವ ಚಪಲ ನನಗೆ ಇದ್ದೇ ಇದೆ. ಹಾಗೆ ಹೇಳಿದವರಿಗೆ ಸಿಗುವುದೂ ಅರ್ಧ ಮದ್ದೇ ಎಂದು ಗೊತ್ತಿದ್ದೂ.

ಚಿಕ್ಕಮ್ಮ ಪೇಟೆಯಿಂದ ಬಂದವರು ತೂತಿನೊಳಗೆ ಬೆರಳು ತೂರಿಸಿ ನೋಡಿ, ಸೀರೆ ಮಡಿಸಿ ಪೆಟ್ಟಿಗೆಗೆ ಹಾಕಿದರು. ಊರಿಗೆ ಹೊರಡುವವರೆಗೂ ನನ್ನ ಜೊತೆ ಮಾತು ಬಿಟ್ಟರು. ಅಮ್ಮನಿಂದ ಎರಡೇಟು ಬಿತ್ತು. ಮಾರನೆಯ ದಿನ ಅಕ್ಕ ತನ್ನ ನೂಲಿನ ಸೀರೆಯನ್ನೇ ಉಟ್ಟು ತಟ್ಟೆ ಹಿಡಿದು ಬಂದಳು. ಗಂಡಿನವರು ಕಂಬಳಿಯ ಮೇಲೆ ಕೂತು, ತಿಂಡಿ ತಿಂದು, ಒಪ್ಪಿಕೊಂಡು ಹೋದರು.

ಅವರು ಹೋದ ಮೇಲೆ ಕಂಬಳಿ ಸುತ್ತಿಕೊಂಡು ನಾನೇ ಎದುರು ಮನೆಗೆ ಹೋದೆ. ಸಾಹೇಬರು ಬೀಬಿಗೆ ಆಗಲೇ ಎಲ್ಲ ಹೇಳಿದ್ದರು. ಬೀಬಿ ಅದನ್ನು ಬಿಚ್ಚಿ, ಬಣ್ಣ ಬಿದ್ದ ಜಾಗದ ಮೇಲೆ ಅಂಗೈ ಆಡಿಸಿದರು. ಕಲೆಯೇನೋ ಇರಲಿಲ್ಲ. ಆದರೆ ನಾವು ತಿಕ್ಕಿದ್ದಲ್ಲಿ ಉಣ್ಣೆ ಗಂಟುಗಂಟಾಗಿ, ಬಳ್ಳಿಯ ಹಸಿರು ಸ್ವಲ್ಪ ಮಾಸಿತ್ತು.

"ಊಟ ಆಯ್ತಾ?" ಎಂದಷ್ಟೇ ಕೇಳಿದರು.

"ಇನ್ನೂ ಇಲ್ಲ."

"ಆ ಕಡೆ ಹಿಡ್ಕೊ."

ನಾನೊಂದು ಕೊನೆ, ಅವರೊಂದು ಕೊನೆ ಹಿಡಿದೆವು. ಮಾಸಿದ ಜಾಗ ಮಂಚದ ಕೆಳಗೆ ಬರುವಂತೆ ಬೀಬಿ ಕಂಬಳಿಯನ್ನು ತಿರುಗಿಸಿ ಹಾಸಿದರು.